ರಿಜಿಸ್ಟರಿನಲ್ಲಿ ಇಲ್ಲದ ಮಗು

ಅವರ ಎಡ ಸೊಂಟ ಯಾವಾಗಲೂ ಹೊರಕ್ಕೆ ಚಾಚಿಕೊಂಡಿರುತ್ತಿತ್ತು, ಮೈ ಬಲಕ್ಕೆ ವಾಲಿರುತ್ತಿತ್ತು. ಸೊಂಟದ ಮೇಲೆ ಮಗು ಇದ್ದಾಗ ಸರಿ, ಇಲ್ಲದಾಗಲೂ ಹಾಗೆಯೇ. ಬರಿಗೈಯಲ್ಲಿ ಸಂತೆಗೆ ಹೊರಟಾಗಲೂ ದೂರದಿಂದ ನೋಡಿದವರಿಗೆ ಅಲ್ಲೊಂದು ಮಗು ಕೂತಿದೆ, ನಮ್ಮ ಕಣ್ಣಿಗೆ ಮಾತ್ರ ಬೀಳುತ್ತಿಲ್ಲ ಅನ್ನಿಸಬೇಕು. ಒಮ್ಮೆ ನಾನು, "ಟೀಚರಮ್ಮ, ಡಾಕ್ಟರಿಗೆ ತೋರಿಸಬಾರದಾ?" ಎಂದು ಕೇಳಿದ್ದೆ. ಅವರು ನಕ್ಕುಬಿಟ್ಟರು.

"ನಂಗೆ ಎಂಟೊರ್ಸ ಆದಾಗ್ಲೇ ನಮ್ಮವ್ವ ಸೊಂಟದ ಮ್ಯಾಲೆ ತಮ್ಮನ್ನ ಕೂರ್ಸುದ್ಲು ಕಣವ್ವ. ಅವನು ಇಳಿಯೋ ಒತ್ಗೆ ಇನ್ನೊಬ್ಬ ಬಂದ. ಅವನೂ ಇಳಿಯೋ ಒತ್ಗೆ ನನ್ ಇಸ್ಕೂಲು ಮುಗ್ದೋಗಿತ್ತು. ಈಗ ನೆಟ್ಟಗೆ ನಿಂತ್ಕಂಡ್ರೇ ಬೀಳಂಗಾಯ್ತದೆ."

ಊರೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿತ್ತು. ಅವರು ಓದಿದ್ದು ನಾಲ್ಕನೇ ಕ್ಲಾಸು. ಯಾರಾದರೂ ಹಾಗೆ ಕರೆದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದು ಸಲ ನಗುತ್ತಿದ್ದರು. ಇಪ್ಪತ್ತು ವರ್ಷ ಕರೆಸಿಕೊಂಡರೂ ಆ ಹೆಸರು ಅವರಿಗೆ ಅಭ್ಯಾಸವಾಗಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಚನ್ನರಾಯಪಟ್ಟಣದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮಕ್ಕಳ ಮತ್ತು ಹೆಂಗಸರ ಯೋಜನೆಗಳ ಕಾಗದಗಳು ನಮ್ಮಲ್ಲಿಗೆ ಬಂದು, ನಮ್ಮಿಂದ ಹಾಸನಕ್ಕೆ ಹೋಗುತ್ತಿದ್ದವು. ನನ್ನ ಗಂಡ ಅರಕಲಗೂಡು ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರು. ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅತ್ತೆ ಮಾವ ಹೊಳೆನರಸೀಪುರದಲ್ಲಿ. ಮಾವನವರು ಲಕ್ವ ಹೊಡೆದು ಮಲಗಿದ್ದರಿಂದ ಅತ್ತೆ ಅವರ ಮಂಚ ಬಿಟ್ಟು ಅಲ್ಲಾಡುವಂತಿರಲಿಲ್ಲ. ನನ್ನ ತಾಯಿ ಇರಲಿಲ್ಲ. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಮಗಳಿಗೆ ಇನ್ನೂ ಕತ್ತು ಸರಿಯಾಗಿ ನಿಂತಿರಲಿಲ್ಲ.

ಕೆಲಸದವಳನ್ನು ಇಟ್ಟೆ, ಹದಿನೈದು ದಿನಕ್ಕೆ ಬಿಟ್ಟುಹೋದಳು. ಇನ್ನೊಬ್ಬಳು ಮಗು ಅತ್ತರೆ ಅಫೀಮು ತಿನ್ನಿಸುತ್ತಾಳೆಂದು ಪಕ್ಕದ ಮನೆಯವರು ಹೇಳಿದರು. ನಿಜವೋ ಸುಳ್ಳೋ, ಮತ್ತೆ ಅವಳ ಕೈಗೆ ಮಗು ಕೊಡುವ ಧೈರ್ಯ ಬರಲಿಲ್ಲ. ಇದ್ದಬದ್ದ ರಜೆಯೆಲ್ಲ ಮುಗಿದ ಮೇಲೆ ಒಂದು ದಿನ ಮಗುವನ್ನು ಕಚೇರಿಗೇ ತಂದು ಟೈಪ್‌ರೈಟರಿನ ಪಕ್ಕದ ಬೆಂಚಿನ ಮೇಲೆ ಮಲಗಿಸಿದೆ. ನಾನು ಕೀಲಿ ಹೊಡೆದಾಗಲೆಲ್ಲ ಅದು ಬೆಚ್ಚುತ್ತಿತ್ತು. ಸಾಹೇಬರು ಒಳ್ಳೆಯವರೇ, ಆದರೂ, "ನಾಳೆಯಿಂದ ಬೇರೆ ಏನಾದ್ರೂ ವ್ಯವಸ್ಥೆ ಮಾಡ್ಕೊಳಮ್ಮ" ಎಂದರು.

ಆಗ ನೆನಪಾದದ್ದು ಶಿಶುವಿಹಾರ. ಅದರ ತಿಂಗಳ ವರದಿ ನಾನೇ ಟೈಪ್ ಮಾಡಿ ಕಳಿಸುತ್ತಿದ್ದುದರಿಂದ ಅದು ಎಲ್ಲಿದೆ ಎಂದು ಗೊತ್ತಿತ್ತು, ನೋಡಿರಲಿಲ್ಲ. ಊರಿನ ಮಹಿಳಾ ಸಮಾಜವೊಂದು ಸರ್ಕಾರದ ಸಹಾಯಧನದಲ್ಲಿ ನಡೆಸುತ್ತಿದ್ದ ಜಾಗ ಅದು. ಕೊಬ್ಬರಿ ಮಂಡಿಗಳ ಹಿಂದೆ ಉದ್ದನೆಯ ಒಂದು ಹೆಂಚಿನ ಕೋಣೆ. ಕೂಲಿ ಮಾಡುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಮಂಡಿಗಳಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಟೀಚರಮ್ಮನ ಗೌರವಧನ, ಮಕ್ಕಳ ಹಿಟ್ಟು ಬೇಳೆ, ಎಲ್ಲವೂ ಸರ್ಕಾರದ್ದು. ತಾಯಂದಿರು ಏನೂ ಕೊಡಬೇಕಾಗಿರಲಿಲ್ಲ. ಆದರೆ ಅದಕ್ಕೆ ಆದಾಯದ ಮಿತಿಯಿತ್ತು. ಸಂಬಳದ ನೌಕರರ ಮಕ್ಕಳಿಗೆ ಅಲ್ಲಿ ಜಾಗವಿಲ್ಲ ಎಂಬ ಸಾಲನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೆ.

ಆದರೂ ಹೋದೆ. ಬಾಗಿಲಲ್ಲಿ ಒಬ್ಬ ಹೆಂಗಸು ಸಾಲಾಗಿ ಬರುತ್ತಿದ್ದ ಮಕ್ಕಳನ್ನು ಒಂದೊಂದಾಗಿ ಎತ್ತಿ, ನೆತ್ತಿಗೆ ಮೂಗು ಹಚ್ಚಿ ಮೂಸಿ ಒಳಗೆ ಬಿಡುತ್ತಿದ್ದಳು. ಅದು ಟೀಚರಮ್ಮನ ದಿನದ ಮೊದಲ ಕೆಲಸ. ಮೂಸಿದರೆ ಜ್ವರ ಬರಲಿದೆಯೋ ಇಲ್ಲವೋ ಗೊತ್ತಾಗುತ್ತದೆ ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ನಾನು ಯಾರು, ಎಲ್ಲಿ ಕೆಲಸ, ಎಷ್ಟು ಸಂಬಳ, ಏಕೆ ನನ್ನ ಮಗು ಇಲ್ಲಿಗೆ ಸೇರುವಂತಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗುವನ್ನು ಇಸಿದುಕೊಂಡು ನೆತ್ತಿ ಮೂಸಿದರು.

"ಆಲು ಕುಡ್ದು ಎಷ್ಟೊತ್ತಾಯ್ತು?"

"ಆರು ಗಂಟೆಗೆ ಕುಡಿಸಿದ್ದೆ."

"ಈಗ ಅತ್ತು ಗಂಟೆ. ಮೊದ್ಲು ಇಲ್ಲಿ ಕೂತ್ಕಂಡು ಕುಡ್ಸವ್ವ. ಸರ್ಕಾರದ ಮಾತು ಆಮ್ಯಾಕೆ ಆಡನ."

ಕುಡಿಸಿ ಮುಗಿಸಿದ ಮೇಲೆ ನಾನೇ ಮತ್ತೆ ಮಾತು ತೆಗೆದೆ. ರಿಜಿಸ್ಟರಿನಲ್ಲಿ ಬರೆಯುವಂತಿಲ್ಲವಲ್ಲ ಎಂದೆ. "ಬರೀಬ್ಯಾಡ ಬುಡು. ರಿಜಿಸ್ಟ್ರಿಗೆ ಬರೀದಿದ್ರೆ ಮಗೀಗೆ ಅಸಿವಾಗಾಕಿಲ್ವಾ?" ಎಂದರು. ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಎಂದಾಗ ಮಾತ್ರ ಅವರ ಮುಖ ಗಂಟಿಕ್ಕಿತು. "ನಿನ್ತಾವ ಕಾಸು ಇಸ್ಕಂಡ್ರೆ ನಾನು ಕಳ್ಳಿ ಆಯ್ತೀನಿ. ಬೇಕಾದ್ರೆ ಒಸಿ ರಾಗಿ ಹಿಟ್ಟು, ಒಸಿ ಆಲು ತಂದ್ಕೊಡು. ಆದ್ರೆ ನಿನ್ ಮಗೀಗೇ ಅಂತ ಬ್ಯಾರೆ ಪಾತ್ರೆ ಮಡಗಾಕಿಲ್ಲ. ಎಲ್ಲಾ ಒಂದೇ ಒಲೆ."

ಹಾಗೆ ನನ್ನ ಮಗಳು ಎಲ್ಲೂ ಹೆಸರಿಲ್ಲದೆ ಅಲ್ಲಿ ಬೆಳೆಯತೊಡಗಿದಳು. ಬೆಳಿಗ್ಗೆ ಒಂಬತ್ತೂವರೆಗೆ ಬಿಡುತ್ತಿದ್ದೆ, ಸಂಜೆ ಆರಕ್ಕೆ ಕರೆದುಕೊಂಡು ಬರುತ್ತಿದ್ದೆ. ನಡುವೆ ಊಟದ ವೇಳೆಯಲ್ಲಿ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದೆ. ಆ ಹೊತ್ತಿಗೆ ಮಂಡಿಯ ಹೆಂಗಸರೂ ಬರುತ್ತಿದ್ದರು. ಎಲ್ಲರೂ ಒಂದೇ ಗೋಡೆಗೆ ಒರಗಿ ಸಾಲಾಗಿ ಕೂರುತ್ತಿದ್ದೆವು. ಕೈ ತೊಳೆಯದೆ ಮಗುವನ್ನು ಮುಟ್ಟಲು ಟೀಚರಮ್ಮ ಬಿಡುತ್ತಿರಲಿಲ್ಲ. ಮಂಡಿಯವರಿಗೆ ಚಿಪ್ಪಿನ ಧೂಳು, ನನಗೆ ಟೈಪ್‌ರೈಟರ್ ರಿಬ್ಬನ್ನಿನ ಮಸಿ. "ಎಲ್ಲಾರ ಕೈಯೂ ಕಪ್ಪೇಯ, ತೊಳ್ಕಳ್ರವ್ವಾ" ಎಂದು ಚೆಂಬು ಹಿಡಿದು ನಿಲ್ಲುತ್ತಿದ್ದರು. ಅಲ್ಲಿ ನನ್ನನ್ನು ಯಾರೂ ಮೇಡಮ್ ಎನ್ನುತ್ತಿರಲಿಲ್ಲ.

ಆ ಕೋಣೆಯಲ್ಲಿ ತೊಲೆಗೆ ಹಳೆಯ ಸೀರೆಗಳ ನಾಲ್ಕು ಜೋಲಿಗಳು. ನೆಲದ ಮೇಲೆ ಚಾಪೆ. ಎಣಿಕೆ ಕಲಿಸಲು ಚಿಪ್ಪುಗಳ ರಾಶಿ. ಇಲಾಖೆಯಿಂದ ಬಂದ ಆಟದ ಸಾಮಾನು ಹಾಳಾಗಿ ಬಹಳ ಕಾಲವಾಗಿತ್ತು. ಜಗಳವಾಡುವ ಮಕ್ಕಳನ್ನು ಅವರು ಹೊಡೆದದ್ದು ನಾನು ಕಾಣೆ. ಇಬ್ಬರನ್ನೂ ಎದುರಾಬದುರು ಕೂರಿಸಿ, ಒಬ್ಬರಿಗೊಬ್ಬರು ರಾಗಿ ಸರಿ ತಿನ್ನಿಸಬೇಕೆಂದು ಹೇಳಿ ತಾವು ಪಾತ್ರೆ ತೊಳೆಯಲು ಹೋಗಿಬಿಡುತ್ತಿದ್ದರು. ಬರುವಷ್ಟರಲ್ಲಿ ಎರಡೂ ಮುಖ ಮೂಗಿಗೆಲ್ಲ ಸರಿ ಬಳಿದುಕೊಂಡು ನಗುತ್ತಿರುತ್ತಿದ್ದವು.

ಮಗಳಿಗೆ ವರ್ಷ ತುಂಬುವ ಮುಂಚೆ ನಮ್ಮತ್ತೆ ಒಂದು ದಿನ ಹೊಳೆನರಸೀಪುರದಿಂದ ಬಂದರು. ಮಾವನವರನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರು. ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಅದೇ ಬೀದಿಗೆ ಸೊಸೆಯಾಗಿ ಬಂದವರು ಅವರು. ಶಿಶುವಿಹಾರದ ಬಾಗಿಲಲ್ಲಿ ನಿಂತು, ಟೀಚರಮ್ಮನ ಕೈತುತ್ತು ತಿನ್ನುತ್ತಿದ್ದ ಮೊಮ್ಮಗಳನ್ನು ನೋಡಿದರು. ಗೋಡೆಯ ಮೇಲಿದ್ದ ಬುದ್ಧನ ಸಣ್ಣ ಪಟವನ್ನೂ ನೋಡಿದರು. "ಯಾವ ಪೈಕಿಯವಳೇ ಅವಳು?" ಎಂದು ನನ್ನನ್ನು ಕೇಳಿದರು, ಮೆಲ್ಲಗೆ ಕೇಳುತ್ತಿದ್ದೇನೆ ಎಂದುಕೊಂಡು. ಟೀಚರಮ್ಮನಿಗೆ ಕೇಳಿಸಿತು. ಕೈ ತೊಳೆದುಕೊಂಡು ಬಂದು ನಿಂತರು.

"ಅಮ್ಮಾವ್ರೇ, ಅಳೋ ಮಗೀಗೆ ಯಾವ ಜಾತಿನೂ ಗೊತ್ತಾಗಾಕಿಲ್ಲ. ನೀವು ಬಂದು ನೋಡ್ಕಂಡೀನಿ ಅಂದ್ರೆ ಇವತ್ತೇ ಕರ್ಕಂಡ್ ಓಗಿ, ನಂಗೂ ಸಂತೋಸವೇಯ. ಅಜ್ಜಿ ಇದ್ದಂಗೆ ನಾನಾಗಾಕಿಲ್ಲ."

ನೋಡಿಕೊಳ್ಳುತ್ತೇನೆ ಎನ್ನಲು ಅತ್ತೆಗೆ ಬಾಯಿ ಬರುವಂತಿರಲಿಲ್ಲ. ಅಲ್ಲಿ ಗಂಡನ ಬಾಯಿಗೂ ಅವರೇ ತುತ್ತಿಡಬೇಕಾಗಿತ್ತು. ಸಂಜೆಯ ಬಸ್ಸಿಗೆ ಹೊರಟರು. ಮುಂದಿನ ತಿಂಗಳು ನನ್ನ ಗಂಡನ ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ ಕಳಿಸಿ, "ಅಲ್ಲಿರೋ ಮಕ್ಕಳಿಗೆಲ್ಲ ಕೊಡು ಅಂತ ಹೇಳು" ಎಂದಿದ್ದರಂತೆ.

ಎರಡು ವರ್ಷ ಹೀಗೆ ಸರಿಯಾಗಿಯೇ ನಡೆಯಿತು. ಸರಿಯಾಗಿ ಎಂದರೆ, ಸಹಾಯಧನ ಆರು ತಿಂಗಳು ತಡವಾಗಿ ಬರುತ್ತಿತ್ತು, ಟೀಚರಮ್ಮ ಅಂಗಡಿಯಲ್ಲಿ ಕಡ ಹೇಳಿ ಬೇಳೆ ತರುತ್ತಿದ್ದರು, ಬಂದಾಗ ತೀರಿಸುತ್ತಿದ್ದರು. ಅವರಿಗೆ ಅದು ತೊಂದರೆ ಅನ್ನಿಸಿರಲಿಲ್ಲ. ಆಮೇಲೆ ಯೋಜನೆಯನ್ನು ಪರಿಶೀಲಿಸಬೇಕೆಂದು ಮೇಲಿನಿಂದ ಆದೇಶ ಬಂತು. ಎಲ್ಲ ಶಿಶುವಿಹಾರಗಳಿಗೂ ತಪಾಸಣೆ. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಟಿಪ್ಪಣಿ ಬರೆದುಕೊಳ್ಳಲು ಯಾರಾದರೂ ಬೇಕೆಂದರು. ನಮ್ಮ ಸಾಹೇಬರು ನನ್ನನ್ನು ತೋರಿಸಿದರು.

ಮಗಳನ್ನು ಅಂದು ಬೆಳಿಗ್ಗೆ ಅಲ್ಲಿಯೇ ಬಿಟ್ಟು ಬಂದಿದ್ದೆ. ತಪಾಸಣೆ ಮರುದಿನ ಎಂದು ತಿಳಿದಿದ್ದೆ. ಜೀಪು ಹತ್ತಿದ ಮೇಲೆ ಗೊತ್ತಾದದ್ದು, ಹೋಗುತ್ತಿರುವುದು ಅಲ್ಲಿಗೇ ಎಂದು.

ಜೀಪು ಮಂಡಿಗಳ ಸಂದಿಯಲ್ಲಿ ತಿರುಗುವಾಗ ಟಿಪ್ಪಣಿ ಪುಸ್ತಕ ಕೈಗೆತ್ತಿಕೊಂಡೆ. ಅಧಿಕಾರಿ ಇಳಿದು ಒಳಗೆ ಬಂದರು. ಕಠಿಣ ಮನುಷ್ಯರೇನಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದರು. ರಿಜಿಸ್ಟರು ತರಿಸಿ ಹೆಸರು ಕೂಗುತ್ತ ಮಕ್ಕಳನ್ನು ಎಣಿಸಿದರು. ನಾನು ಅವರ ಹಿಂದೆ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಮೂಲೆಯಲ್ಲಿ ಚಿಪ್ಪು ಜೋಡಿಸುತ್ತಿದ್ದ ನನ್ನ ಮಗಳು ತಲೆ ಎತ್ತಿದಳು. ನನ್ನನ್ನು ಕಂಡಳು. ಅವಳ ಮುಖವೆಲ್ಲ ಅರಳಿತು. "ಅಮ್ಮಾ" ಎನ್ನುತ್ತ ಎರಡೂ ಕೈ ಚಾಚಿ ಓಡಿ ಬಂದಳು.

ನಾನು ಅಲ್ಲಾಡಲಿಲ್ಲ. ಇಷ್ಟು ವರ್ಷವಾದರೂ ಈ ಒಂದು ಸಂಗತಿಯನ್ನು ಯಾರಿಗೂ ಬೇರೆ ಥರ ಹೇಳಲು ನನಗೆ ಸಾಧ್ಯವಾಗಿಲ್ಲ. ಮಗು ಬರುತ್ತಿತ್ತು, ನಾನು ಪುಸ್ತಕದ ಕಡೆ ನೋಡಿದೆ.

ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ಟೀಚರಮ್ಮ ಅವಳನ್ನು ಬಾಚಿ ಎತ್ತಿಕೊಂಡುಬಿಟ್ಟರು. "ಎಲ್ಲಾರ್ನೂ ಅಮ್ಮ ಅಂತದೆ ಸಾ ಇದು" ಎಂದು ನಕ್ಕರು. ಮಗಳು ಅವರ ಹೆಗಲ ಮೇಲಿಂದ ನನ್ನ ಕಡೆ ಕೈ ಚಾಚಿ ಅಳಲು ಶುರುಮಾಡಿದಳು.

ಅಧಿಕಾರಿ ಮಗುವಿನ ಕಾಲನ್ನು ನೋಡಿದರು. ಅಷ್ಟು ಮಕ್ಕಳಲ್ಲಿ ಕಾಲಿಗೆ ಬೆಳ್ಳಿ ಚೈನು ಇದ್ದದ್ದು ಅವಳೊಬ್ಬಳಿಗೇ.

"ಇದು ಯಾರ ಮಗು? ಹೆಸರು ಕೂಗಿದಾಗ ಬರಲಿಲ್ಲವಲ್ಲ."

"ನನ್ ತಂಗಿ ಮೊಮ್ಮಗ ಸಾ." ತಡವರಿಸಿ, "ಮೊಮ್ಮಗಳು" ಎಂದು ತಿದ್ದಿಕೊಂಡರು.

"ಇಲ್ಲೇ ಊಟ ಮಾಡುತ್ತಾ?"

"ಊಂ ಸಾ. ಒಂದ್ ತುತ್ತು."

ಅಧಿಕಾರಿ ನನ್ನ ಕಡೆ ತಿರುಗಿ, "ಬರಕೊಳ್ಳಮ್ಮ" ಎಂದರು. ಬರೆದುಕೊಂಡೆ.

ಆ ಸಂಜೆ ಮಗಳನ್ನು ಕರೆತರಲು ಹೋದಾಗ ಟೀಚರಮ್ಮ ಒಲೆಯ ಬೂದಿ ತೆಗೆಯುತ್ತಿದ್ದರು. ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಏಳಿ ಏನ್ ಮಾಡೀಯೆ? ನಿನ್ ಕೆಲ್ಸ ಓಯ್ತದೆ. ಗೌರ್ಮೆಂಟ್ ಕೆಲ್ಸ ಓದ್ರೆ ಮತ್ತೆ ಬತ್ತದಾ? ಇನ್ನೊಂದು ಸಂಸಾರ ಬೀದಿಗೆ ಬತ್ತದೆ, ಅಷ್ಟೇಯ. ನಂದೇನು, ಒಂದು ನೋಟೀಸು ಕೊಟ್ಟಾರು. ಸುಮ್ಕಿರು."

ಮರುದಿನ ವರದಿಯನ್ನು ನಾನೇ ಟೈಪ್ ಮಾಡಿದೆ. ನಾಲ್ಕು ಪ್ರತಿ, ನಡುವೆ ಕಾರ್ಬನ್. 'ದಾಖಲಾತಿಯಲ್ಲಿ ಇಲ್ಲದ ಒಂದು ಹೆಣ್ಣು ಮಗು ಕಂಡುಬಂದಿದ್ದು, ವಿಚಾರಿಸಲಾಗಿ ಸದರಿ ಕಾರ್ಯಕರ್ತೆಯ ಸಂಬಂಧಿಕರ ಮಗುವೆಂದೂ, ಫಲಾನುಭವಿ ಮಕ್ಕಳಿಗೆ ಮೀಸಲಾದ ಆಹಾರವನ್ನು ಸದರಿ ಮಗುವಿಗೆ ನೀಡಲಾಗುತ್ತಿದೆಯೆಂದೂ ತಿಳಿದುಬಂದಿರುತ್ತದೆ.' ಒಂದೂ ಅಕ್ಷರ ತಪ್ಪಲಿಲ್ಲ. ಮುಗಿಸಿ, ಕಾಗದ ಹಿಡಿದುಕೊಂಡು ಸಾಹೇಬರ ಬಾಗಿಲಿಗೆ ಹೋದೆ. ಸಾರ್, ಆ ಮಗು ನನ್ನದು. ಇಷ್ಟೇ ವಾಕ್ಯ. ನಾಲಿಗೆಯ ತುದಿಯಲ್ಲಿತ್ತು. ಸಾಹೇಬರು ತಲೆಯೆತ್ತಿ, "ಏನಮ್ಮ, ಆಯ್ತಾ?" ಎಂದರು. "ಆಯ್ತು ಸಾರ್" ಎಂದೆ.

ಟೀಚರಮ್ಮ ಅಂದುಕೊಂಡಂತೆ ಅದು ಒಂದು ನೋಟೀಸಿಗೆ ಮುಗಿಯಲಿಲ್ಲ. ಒಂದು ಎಳೆ ಎಳೆದಾಗ ಉಳಿದದ್ದೂ ಬಿಚ್ಚಿಕೊಂಡಿತು. ಕಾರ್ಯಕರ್ತೆ ಹತ್ತನೇ ತರಗತಿ ಪಾಸಾಗಿರಬೇಕು, ತರಬೇತಿ ಆಗಿರಬೇಕು ಎಂಬ ಹೊಸ ನಿಯಮ ಬಂದಿತ್ತು. ಮಹಿಳಾ ಸಮಾಜದ ಅಧ್ಯಕ್ಷೆ ತೀರಿಕೊಂಡು ವರ್ಷವಾಗಿತ್ತು, ನೋಂದಣಿ ನವೀಕರಿಸಿದವರಿಲ್ಲ. ವರದಿಗೆ ಇವೆಲ್ಲ ಸೇರಿಕೊಂಡವು. ಮುಂದಿನ ಆದೇಶದವರೆಗೆ ಸಹಾಯಧನ ತಡೆಹಿಡಿಯಲಾಗಿದೆ ಎಂಬ ಕಾಗದ ಬಂತು. ಅದನ್ನು ಟೀಚರಮ್ಮನಿಗೆ ಓದಿ ಹೇಳಿದವಳೂ ನಾನೇ.

"ಮುಂದಿನ ಆದೇಸ ಯಾವಾಗ ಬತ್ತದಂತೆ?"

ನನಗೆ ಗೊತ್ತಿತ್ತು, ಅದು ಬರುವುದಿಲ್ಲ ಎಂದು. ಅಂಥ ಎಷ್ಟೋ ಕಾಗದ ಟೈಪ್ ಮಾಡಿದ್ದೆ. "ಬರತ್ತೆ ಟೀಚರಮ್ಮ" ಎಂದೆ.

ಅರ್ಜಿ ಬರೆದುಕೊಟ್ಟೆ. ಅಷ್ಟಾದರೂ ಮಾಡಿದೆ. ಮಂಡಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಅದನ್ನು ಹಾಸನದ ದೊಡ್ಡ ಕಚೇರಿಗೆ ಕೊಡಬೇಕಿತ್ತು. ಒಂದು ದಿನ ರಜೆ ಹಾಕಿ ಟೀಚರಮ್ಮನೊಂದಿಗೆ ಬಸ್ಸು ಹತ್ತಿದೆ. ಅವರು ತಮಗಿದ್ದ ಒಂದೇ ಒಳ್ಳೆಯ ಸೀರೆ, ನೀಲಿಯದು, ಉಟ್ಟಿದ್ದರು. ಬಟ್ಟೆಯ ಚೀಲದಲ್ಲಿ ಅಷ್ಟೂ ವರ್ಷದ ಹಾಜರಿ ರಿಜಿಸ್ಟರುಗಳು. ಯಾರೂ ಕೇಳಿರಲಿಲ್ಲ, "ಕೇಳುದ್ರೆ ತೋರ್ಸಾಕೆ ಇರ್ಲಿ" ಎಂದರು. ಶಾಂತಿಗ್ರಾಮದಲ್ಲಿ ಬಸ್ಸು ನಿಂತಾಗ ಒಬ್ಬಳು ಹೆಂಗಸು ಚಿಕ್ಕ ಮಗು ಎತ್ತಿಕೊಂಡು ಹತ್ತಿದಳು. ಟೀಚರಮ್ಮ ಕೇಳದೆಯೇ ಮಗುವನ್ನು ಇಸಿದುಕೊಂಡರು. ಹಾಸನ ಬರುವವರೆಗೂ ಅದು ಅವರ ಮಡಿಲಲ್ಲೇ ನಿದ್ದೆ ಮಾಡಿತು.

ಕಚೇರಿಯ ಗೇಟಿನವರೆಗೆ ಮಾತ್ರ ನಾನು ಹೋದೆ. ಒಳಗೆ ನನ್ನ ಗುರುತಿನವರಿದ್ದರು. ಯಾವ ಸಂಬಂಧಕ್ಕೆ ಇವಳು ಬಂದಿದ್ದಾಳೆ ಎಂದು ಕೇಳಿದರೆ? ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ನಿಂತುಕೊಂಡೆ. ಅವರು ಚೀಲ ಹೊತ್ತು ಒಬ್ಬರೇ ಒಳಗೆ ಹೋದರು. ಬರುವಾಗ ಮೂರು ಗಂಟೆ ದಾಟಿತ್ತು.

"ಒಳ್ಳೇವ್ಳು ಕಣವ್ವ ಆ ಆಪೀಸರಮ್ಮ. ಕೂರ್ಸಿ ನೀರು ಕೊಡ್ಸುದ್ಲು. ರಿಜಿಸ್ಟ್ರೂ ನೋಡುದ್ಲು, 'ಎಷ್ಟು ನೀಟಾಗಿ ಬರ್ದಿದೀರಿ' ಅಂದ್ಲು. ಆದ್ರೆ ತನ್ ಕೈಲಿ ಏನೂ ಇಲ್ವಂತೆ. ಬೆಂಗ್ಳೂರಿಗೆ ಕಳಿಸ್ತಾಳಂತೆ. ಅಲ್ಲಿಂದ ಡೆಲ್ಲಿಗೆ ಓಗ್ಬೇಕಂತೆ."

ಬಸ್ ಸ್ಟ್ಯಾಂಡಿನವರೆಗೂ ಚೀಲ ತಾವೇ ಹೊತ್ತು ನಡೆದರು. ಆಮೇಲೆ ನಿಂತು ನನ್ನನ್ನೇ ನೋಡಿ ಕೇಳಿದರು, ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಎಂಬಂತೆ:

"ನಿನ್ ಕೈಲೂ ಇಲ್ಲ, ನಿಮ್ ಸಾಯೇಬ್ರ ಕೈಲೂ ಇಲ್ಲ, ಆಯಮ್ಮನ ಕೈಲೂ ಇಲ್ಲ. ಮತ್ತೆ ಯಾರ ಕೈಲದೆ ಕಣವ್ವಾ ಇದು?"

ನಾನು ಚನ್ನರಾಯಪಟ್ಟಣದ ಬಸ್ಸಿನ ಬೋರ್ಡು ಹುಡುಕತೊಡಗಿದೆ.

ಸಹಾಯಧನವಿಲ್ಲದೆ ಏಳು ತಿಂಗಳು ನಡೆಸಿದರು. ಹೆಂಗಸರು ತಮಗೆ ಕೈಲಾದಷ್ಟು ರಾಗಿ, ಹುರುಳಿ, ಸೌದೆ ತಂದುಹಾಕಿದರು. ಆದರೆ ಕೋಣೆ ಬಾಡಿಗೆಯದು, ಮಾಲೀಕರೂ ಎಷ್ಟು ದಿನ ಸುಮ್ಮನಿದ್ದಾರು. ಕೊನೆಯ ದಿನ ಜೋಲಿಗಳನ್ನು ತೊಲೆಯಿಂದ ಬಿಚ್ಚಿ, ಒಗೆದು, ಒಣಗಿಸಿ, ಯಾರ ಮಗು ಯಾವುದರಲ್ಲಿ ಮಲಗುತ್ತಿತ್ತೋ ಆ ತಾಯಿಗೆ ಕೊಟ್ಟುಬಿಟ್ಟರು. ನನಗೂ ಒಂದು ಕೊಟ್ಟರು. ಬೇಡವೆಂದೆ. ಕೈಯೊಡ್ಡಲು ಮುಖವಿರಲಿಲ್ಲ.

ನನ್ನ ಮಗಳಿಗೆ ಆಗ ಮೂರು ವರ್ಷ. ಕಾನ್ವೆಂಟಿನಲ್ಲಿ ನರ್ಸರಿಗೆ ಹಾಕಿದೆ. ಸಂಜೆಯವರೆಗೂ ಇಟ್ಟುಕೊಳ್ಳುವ ಒಂದು ಮನೆಯೂ ಸಿಕ್ಕಿತು. ಫೀಸು ಕಷ್ಟವಾಯಿತು, ಆದರೆ ಕೊಡುವಷ್ಟಿತ್ತು. ನನಗೆ ದಾರಿ ಸಿಕ್ಕಿತು. ಮಂಡಿಯ ಹೆಂಗಸರಿಗೆ ಇದ್ದದ್ದು ಒಂದೇ ದಾರಿ, ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುವುದು. ಅಂಗನವಾಡಿ ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಮೂರು ವರ್ಷ ತುಂಬದ ಕೂಸುಗಳನ್ನು ದಿನವಿಡೀ ಇಟ್ಟುಕೊಳ್ಳುತ್ತಿರಲಿಲ್ಲ.

ಚಿಪ್ಪು ಒಡೆಯುವಾಗ ಚೂರು ಹೇಗೆ ಹಾರುತ್ತದೆ ಎಂದು ನೋಡಿದವರಿಗೆ ಗೊತ್ತು. ಆ ಬೇಸಿಗೆಯಲ್ಲಿ ತಾಯಿಯ ಪಕ್ಕ ಕೂತಿದ್ದ ಎರಡು ವರ್ಷದ ಒಂದು ಹುಡುಗಿಯ ಕಣ್ಣಿಗೆ ಚೂರು ಬಡಿಯಿತು. ಹಾಸನದ ಆಸ್ಪತ್ರೆಗೆ ಒಯ್ದರು. ಕಣ್ಣು ಉಳಿಯಲಿಲ್ಲ. ನನ್ನ ಮಗಳ ಜೊತೆ ಎದುರಾಬದುರು ಕೂತು ಸರಿ ತಿನ್ನುತ್ತಿದ್ದ ಮಗು ಅದು.

ಸುದ್ದಿ ಕೇಳಿ ಟೀಚರಮ್ಮನ ಮನೆಗೆ ಹೋದೆ. ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಅಳತೊಡಗಿದೆ. ನನ್ನಿಂದಲೇ ಆಯಿತು ಎಂದೆ. ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಲ್ಲ ಎಂದಾರು ಎಂದು ನಾನು ಕಾದಿದ್ದೆ. ಕಾಲು ಮಡಚಿಕೊಂಡು, "ಓಗವ್ವ, ನಿನ್ ಮಗಳು ಇಸ್ಕೂಲಿಂದ ಬರೋ ಒತ್ತಾಯ್ತು" ಎಂದರು. ಅಷ್ಟೇ.

ಮರುದಿನದಿಂದ ಅವರು ಮಂಡಿಗೇ ಹೋಗತೊಡಗಿದರಂತೆ. ಕೆಲಸಕ್ಕಲ್ಲ. ಚಿಪ್ಪು ಹಾರದಷ್ಟು ದೂರದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಮಕ್ಕಳನ್ನು ಹಾಕಿಕೊಂಡು ಕೂರುತ್ತಿದ್ದರು. ಮಂಡಿಯ ಸಾಹುಕಾರರು ಬೇಡವೆನ್ನಲಿಲ್ಲ. ಹೆಂಗಸರು ತಮ್ಮ ಬುತ್ತಿಯಲ್ಲೇ ಅವರಿಗೂ ಒಂದು ಮುದ್ದೆ ತರುತ್ತಿದ್ದರು. ಮಳೆ ಬಂದ ದಿನ ಎಲ್ಲ ಮಕ್ಕಳನ್ನೂ ಚೀಲಗಳ ಮಧ್ಯೆ ತೂರಿಸಿ ತಾವು ಬಾಗಿಲಿಗೆ ಅಡ್ಡ ನಿಂತುಕೊಳ್ಳುತ್ತಿದ್ದರೆಂದು ಯಾರೋ ಹೇಳಿದರು. ನಾನು ನೋಡಲು ಹೋಗಲಿಲ್ಲ. ಕಚೇರಿಗೆ ಹೋಗುವ ದಾರಿಯನ್ನೇ ಬದಲಾಯಿಸಿಕೊಂಡಿದ್ದೆ.

ಆಮೇಲೆ ಹಾಸನಕ್ಕೆ ವರ್ಗವಾಯಿತು. ಗಂಡನಿಗೂ ಅಲ್ಲಿಗೇ ಆಯಿತು. ವರ್ಷಗಳು ಹೋದವು. ಎರಡು ಸಾವಿರದ ಆಚೆ ಹೊಸ ಯೋಜನೆಗಳು ಬಂದವು, ಹೊಸ ಹೆಸರುಗಳು ಬಂದವು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಚನ್ನರಾಯಪಟ್ಟಣದ ಹಳೆಯ ಅರ್ಜಿಯ ಕಡತವನ್ನು ಒಮ್ಮೆ ಹುಡುಕಿದೆ. ನಾನು ಟೈಪ್ ಮಾಡಿದ ವರದಿಯ ಕಾರ್ಬನ್ ಪ್ರತಿ ಸಿಕ್ಕಿತು. ಅರ್ಜಿ ಸಿಗಲಿಲ್ಲ.

ಟೀಚರಮ್ಮನನ್ನು ಎರಡು ಮೂರು ಸಲ ಹೋಗಿ ನೋಡಿದ್ದೆ, ಸುಳ್ಳೇಕೆ ಹೇಳಲಿ, ಎರಡೇ ಸಲ. ಹೋದಾಗಲೆಲ್ಲ ಅವರು ಮಗಳನ್ನು ಕೇಳುತ್ತಿದ್ದರು. ಏನು ಓದುತ್ತಿದ್ದಾಳೆ, ಊಟ ಸರಿಯಾಗಿ ಮಾಡುತ್ತಾಳಾ, ಈಗಲೂ ಮಲಗುವಾಗ ಕಿವಿ ಹಿಡಿದುಕೊಳ್ಳುತ್ತಾಳಾ. ತಪಾಸಣೆಯ ದಿನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳಿಗೆ ಅವರ ನೆನಪಿರಲಿಲ್ಲ. ಮೂರು ವರ್ಷದ ಮಗುವಿಗೆ ಏನು ನೆನಪಿದ್ದೀತು.

ಅವರು ಹೋದ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬರ ಫೋನಿನಿಂದ ತಿಳಿಯಿತು. ನಾಲ್ಕು ದಿನದ ಜ್ವರವಂತೆ. ಸಿಕ್ಕಿದ ಬಸ್ಸು ಹಿಡಿದು ಹೋದೆ. ತಲುಪುವ ಹೊತ್ತಿಗೆ ಮಣ್ಣು ಮಾಡಿ ಗಂಡಸರು ವಾಪಸ್ಸು ಬರುತ್ತಿದ್ದರು. ಮನೆಯ ಮುಂದೆ ಚಾಪೆ ಹಾಸಿಕೊಂಡು ಹದಿನೈದಿಪ್ಪತ್ತು ಹೆಂಗಸರು ಕೂತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಚಾಪೆಯ ತುದಿಯಲ್ಲಿದ್ದ ಒಬ್ಬ ಹೆಂಗಸು, ಕೂದಲು ಅರ್ಧ ನೆರೆತಿತ್ತು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಟೀಚರಮ್ಮಂಗೆ ನೀವೇನಾಗ್ಬೇಕು?" ಎಂದು ಕೇಳಿದಳು.

ಸಾಹೇಬರ ಬಾಗಿಲಲ್ಲಿ ಬಾರದ ಮಾತು ಅಲ್ಲಿ ಬಂತು. ಯಾರಿಗೂ ಯಾವ ಉಪಯೋಗಕ್ಕೂ ಇಲ್ಲದ ಹೊತ್ತಿನಲ್ಲಿ ಬಂತು. ಅಷ್ಟು ಜನರ ಎದುರಿಗೆ ನಿಂತುಕೊಂಡೇ ಹೇಳಿದೆ. "ನನ್ನ ಮಗಳು ಶಿಶುವಿಹಾರದಲ್ಲಿ ಬೆಳೆದವಳು. ರಿಜಿಸ್ಟರಿನಲ್ಲಿ ಅವಳ ಹೆಸರಿರಲಿಲ್ಲ. ತಪಾಸಣೆ ದಿನ ಟೀಚರಮ್ಮ ತಂಗಿ ಮೊಮ್ಮಗಳು ಅಂದದ್ದು ನನ್ನ ಮಗಳನ್ನ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಆ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗೊತ್ತು ಕಣಕ್ಕ, ಮೊಕದ ಗುರ್ತು ಈಗ ಸಿಕ್ತು. ನಿನ್ ಪಕ್ದಾಗೇ ಕೂತ್ಕಂಡು ನನ್ ಮಗೀಗೆ ಆಲು ಕುಡಿಸ್ತಿದ್ದೋಳು ನಾನು, ಗೊತ್ತಾಗಾಕಿಲ್ವಾ? ನಮ್ಗೆಲ್ಲಾ ಅವತ್ತೇ ಗೊತ್ತಿತ್ತು. ಓಗಿ ಏಳ್ಬುಡನ ಅಂತ ನಾವು ಒಂಟಿದ್ದೂ ಉಂಟು. ಆಯಮ್ಮನೇ ಬ್ಯಾಡ ಅಂದ್ಲು. 'ಆ ಮಗೂನೂ ನಮ್ದೇಯ, ಸುಮ್ಕಿರ್ರವ್ವಾ' ಅಂದ್ಲು."

ಹಾಗೆಂದು ಅವಳು ಪಕ್ಕದವಳನ್ನು ಒತ್ತಿ ಸರಿಸಿ, ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿಕೊಟ್ಟಳು.